ಕಾಯಕ ಮಾಡುವವರು ಡಂಗುರ ಸಾರಬಹುದೆ?

ಹುಬ್ಬಳ್ಳಿಯ ವಿದ್ಯಾನಗರ, ನವನಗರ, ಧಾರವಾಡದ ಸಪ್ತಾಪುರದಂಥ ಬಡಾವಣೆಗಳಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು, ಶೇಂಗಾ ಹೋಳಿಗೆ ಮಾಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ, ಎಲ್ಲವನ್ನೂ ಮೊಬೈಲ್ ಮೂಲಕವೇ ಮಾರುವ ಹೆಣ್ಣುಮಕ್ಕಳಿದ್ದಾರೆ. ಅಂಗಡಿ ಬಾಡಿಗೆಯ ಚಿಂತೆಯಿಲ್ಲ, ಫಲಕದ ಖರ್ಚಿಲ್ಲ. ಬೆಂಗಳೂರು, ಪುಣೆಗೆ ಕೊರಿಯರ್ ಹೋಗುತ್ತದೆ. ಬಂಡವಾಳವೂ ಅಂಥ ದೊಡ್ಡದಲ್ಲ. ಆದರೂ ಒಂದು ಮುಜುಗರ ಕೈ ಹಿಡಿದು ಜಗ್ಗುತ್ತದೆ. ‘ನಮ್ಮ ರೊಟ್ಟಿ ಚೊಲೊ ಅದಾವು ಅಂತ ನಾವ ಹೆಂಗ ಹೇಳೂದ್ರಿ, ತಿಂದವರು ಹೇಳಬೇಕಲ್ಲ’ ಎನ್ನುವುದು ಈ ಭಾಗದ ಮನೆಮಾತು.

ಇದನ್ನು ಬರಿಯ ನಾಚಿಕೆ ಎಂದು ತಳ್ಳಿಹಾಕುವಂತಿಲ್ಲ. ಬೇರು ಬಹಳ ಆಳಕ್ಕೆ ಹೋಗಿದೆ. 12ನೇ ಶತಮಾನದಲ್ಲಿ ಬಸವಣ್ಣ ಹಾಕಿಕೊಟ್ಟ, ಇಂದಿಗೂ ಕನ್ನಡ ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ವಿಧಿಗಳ ಸಾಲಿನಲ್ಲಿ ಕಳವು, ಕೊಲೆ, ಸುಳ್ಳಿನ ಜೊತೆಗೇ ಆತ್ಮಪ್ರಶಂಸೆಯೂ ನಿಷಿದ್ಧ. ಅದರ ಬೆನ್ನಿಗೇ ಪರನಿಂದೆಯೂ ಬರುತ್ತದೆ. ದುಡಿಮೆಯನ್ನು ಪೂಜೆಗೆ ಸಮನಾಗಿ ಕಂಡ ಪರಂಪರೆಯೇ ದುಡಿಮೆಯ ಫಲವನ್ನು ಸಂತೆಯಲ್ಲಿ ಕೂಗಿ ಹೇಳಲು ಹಿಂಜರಿಯುವಂತೆಯೂ ಮಾಡಿದೆ. ಹಾಗಾದರೆ ದಿನಕ್ಕೆರಡು ಸಲ ಸ್ಟೇಟಸ್ ಹಾಕಿ ‘ತಾಜಾ ಹೋಳಿಗೆ, ಅಪ್ಪಟ ತುಪ್ಪದ್ದು’ ಎಂದು ಬರೆಯುವ ಹೆಣ್ಣುಮಗಳು ದಿನಕ್ಕೆರಡು ಸಲ ಆ ವಿಧಿಯನ್ನು ಮುರಿಯುತ್ತಿದ್ದಾಳೆಯೆ?

ಮುರಿಯುತ್ತಿಲ್ಲ ಎಂದು ಒಮ್ಮೆಲೇ ಹೇಳಿಬಿಡುವ ಮೊದಲು ಧಾರವಾಡದಲ್ಲೇ ಹುಟ್ಟಿದ ಒಬ್ಬ ಪ್ರಚಾರಕರನ್ನು ನೆನೆಯಬೇಕು. ಫ.ಗು. ಹಳಕಟ್ಟಿ ಹುಟ್ಟಿದ್ದು 1880ರಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡುತ್ತ ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. ಇದ್ದ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂಬ ವಚನ ಮಠದ ಗಂಟಿನಿಂದ ಶಾಲೆಯ ಪುಸ್ತಕದವರೆಗೆ ನಡೆದು ಬಂದದ್ದು ಬಹುಮಟ್ಟಿಗೆ ಈ ಒಬ್ಬರ ಪಟ್ಟಿನಿಂದ. ಅಚ್ಚು, ಅಂಚೆ, ಪತ್ರಿಕೆ ಹೀಗೆ ಆ ಕಾಲಕ್ಕೆ ಕೈಗೆ ಸಿಕ್ಕ ಸಾಧನಗಳನ್ನೆಲ್ಲ ಅವರು ಬಳಸಿದರು. ಆದರೆ ಅವರು ಸಾರಿದ್ದು ತಮ್ಮನ್ನಲ್ಲ. ಅಲ್ಲಿಗೆ ಪ್ರಶ್ನೆಯೇ ಬದಲಾಗುತ್ತದೆ. ಸಾರುವುದು ತಪ್ಪೆ ಎಂದು ಕೇಳಿ ಪ್ರಯೋಜನವಿಲ್ಲ, ಏನನ್ನು ಸಾರುತ್ತೇವೆ ಎಂದು ಕೇಳಬೇಕು.

‘ಒಳ್ಳೆಯ ಸರಕಿಗೆ ಪ್ರಚಾರ ಬೇಡ’ ಎನ್ನುವವರು ಧಾರವಾಡದ ಲೈನ್ ಬಜಾರಿನತ್ತ ಬೆರಳು ತೋರಿಸುತ್ತಾರೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದು ನೆಲೆನಿಂತ ಠಾಕೂರ ಮನೆತನದ ಪೇಡಾ ಅಂಗಡಿ ಅಲ್ಲಿದೆ. ಜನ ತಾವಾಗಿಯೇ ಬಂದು ಸಾಲುಗಟ್ಟುತ್ತಾರೆ. ನಿಜ. ಆದರೆ ಆ ಸಾಲಿನ ಹಿಂದೆ ತಲೆಮಾರುಗಳ ಬಾಯಿಮಾತಿದೆ, ಊರಿನ ಹೆಸರೇ ತಿನಿಸಿಗೆ ಅಂಟಿದೆ, ಮೇಲೆ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಹೋದ ತಿಂಗಳು ಒಲೆ ಹಚ್ಚಿದವಳಿಗೆ ಇದ್ಯಾವುದೂ ಇಲ್ಲ. ‘ನಿನ್ನ ಕೆಲಸವೇ ಮಾತಾಡಲಿ’ ಎಂದು ಆಕೆಗೆ ಹೇಳುವುದು ಹೊಟ್ಟೆ ತುಂಬಿದವರ ಉಪದೇಶ. ಮೌನ ಕೆಲವರಿಗೆ ಸದ್ಗುಣ, ಕೆಲವರಿಗೆ ಉಪವಾಸ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇದಕ್ಕೆ ಇನ್ನೂ ಮನಮುಟ್ಟುವ ನಿದರ್ಶನವಿದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ ಅಳತೆಗೆ ತಕ್ಕಂತೆ ರಾಷ್ಟ್ರಧ್ವಜ ಹೊಲಿಯುತ್ತದೆ. ಆರು ಇಂಚಿನ ಪುಟ್ಟ ಧ್ವಜದಿಂದ 21 ಅಡಿ ಉದ್ದದ ಧ್ವಜದವರೆಗೆ ಒಂಬತ್ತು ಗಾತ್ರ. ನೂಲಿನ ಎಣಿಕೆ, ಬಣ್ಣದ ಛಾಯೆ, ಚಕ್ರದ ಅಚ್ಚು, ಹೊಲಿಗೆ ಎಲ್ಲಕ್ಕೂ ಪರೀಕ್ಷೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜದ ಮೇಲೆ ತಯಾರಿಸಿದವರ ಹೆಸರು ದೊಡ್ಡದಾಗಿ ಬರೆಯುವ ಪ್ರಶ್ನೆಯೇ ಇಲ್ಲ, ಹಾಗಾಗಿ ಅದನ್ನು ಕಂಡು ಕೈಯೆತ್ತಿ ವಂದಿಸುವವರಿಗೆ ಬೆಂಗೇರಿ ಗೊತ್ತಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಮನೆ ಮನೆಯಲ್ಲೂ ಧ್ವಜ ಹಾರಿಸುವ ಅಭಿಯಾನ ನಡೆದಾಗ ಅಗ್ಗದ ಧ್ವಜಗಳು ಪೇಟೆ ತುಂಬಿದವು. ಆಗ ಸಂಘ ಬೀದಿಗೆ ಬಂದು ತನ್ನ ಮಾತು ಹೇಳಬೇಕಾಯಿತು. ಕೈನೂಲಿನ ಪರವಾಗಿ ಅವರು ಆಡಿದ್ದನ್ನು ಆತ್ಮಪ್ರಶಂಸೆ ಎನ್ನಲು ಯಾರಿಗೂ ಬಾಯಿ ಬಾರದು. ನೂರಾರು ಕೈಗಳ ಅನ್ನ ಅದರ ಮೇಲೆ ನಿಂತಿತ್ತು.

ಅಂದಮೇಲೆ ಬಾಯಿ ಬಿಡಲೇಬೇಕಾದ ಸಂದರ್ಭಗಳಿವೆ. ಬಿಟ್ಟ ಬಾಯಿಗೆ ಕಟ್ಟಳೆ ಏನು?

ಇಸ್ಲಾಂ ಪರಂಪರೆಯಲ್ಲಿ ಇದಕ್ಕೆ ನೇರವಾಗಿ ಸಂಬಂಧಿಸಿದ ಪ್ರಸಂಗವೊಂದು ಪ್ರಸಿದ್ಧ. ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕುತ್ತಾರೆ. ಮೇಲೆ ಒಣಗಿದೆ, ಒಳಗೆ ಬೆರಳಿಗೆ ತೇವ ತಾಗುತ್ತದೆ. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರ ಕಣ್ಣಿಗೆ ಬೀಳುವಂತೆ ಮೇಲೆಯೇ ಏಕೆ ಇಡಲಿಲ್ಲ ಎಂದು ಕೇಳುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳ ಕಸುಬು ಇಂದು ಗಿರಾಕಿಯನ್ನು ಮುಟ್ಟಬೇಕಾದರೆ ಬಹಳ ಸಲ ಫೋಟೊದ ದಾರಿಯೇ ಗತಿ. ಆನ್‌ಲೈನ್ ವ್ಯಾಪಾರದಲ್ಲಿ ಗಿರಾಕಿಗೆ ರಾಶಿಯೊಳಗೆ ಕೈ ಹಾಕುವ ಅವಕಾಶವೇ ಇಲ್ಲ. ಕಾಣುವುದು ಮೇಲಿನ ಪದರ ಮಾತ್ರ. ಬಣ್ಣ ಕೊಂಚ ಏರಿಸಿದರೆ, ಬೆಳಕು ಕೊಂಚ ತಿರುಗಿಸಿದರೆ ಸಾಕು, ಹತ್ತಿ ರೇಷ್ಮೆಯಂತೆ ಹೊಳೆಯುತ್ತದೆ. ಗಿರಾಕಿಯ ಕೈ ಕಟ್ಟಿರುವಾಗ ಒಳಗಿನದನ್ನು ತೋರಿಸುವ ಹೊಣೆ ಪೂರಾ ಮಾರುವವರದು.

ಧಾರವಾಡದ ಕಸೂತಿಯವರಿಗೆ ಇದು ಚೆನ್ನಾಗಿ ಗೊತ್ತು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಗಾವಂತಿಯಲ್ಲಿ ಸೂಜಿ ಎಳೆ ಬಿಟ್ಟು ಎಳೆ ಹಿಡಿಯುತ್ತ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಗಿದಾಗ ಗೋಪುರವಾಗಲಿ ತೇರಾಗಲಿ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತದೆ. ಯಂತ್ರದ ಕಸೂತಿಯನ್ನು ತಿರುವಿ ಹಾಕಿದರೆ ಒಳಗಿನ ದಾರ ಗುಟ್ಟು ಬಿಟ್ಟುಕೊಡುತ್ತದೆ. ಕೈಕಸೂತಿ ಮಾರುವವರು ಸೀರೆಯ ಹಿಂಬದಿಯ ಫೋಟೊ ಹಾಕಿದರೆ ಅದಕ್ಕೆ ಪೈಸೆ ಖರ್ಚಿಲ್ಲ, ಹೊಗಳಿಕೆಯ ಒಂದು ಪದವೂ ಬೇಕಿಲ್ಲ. ಬಲ್ಲ ಗಿರಾಕಿ ನೋಡಿದ ಕೂಡಲೇ ಅರಿಯುತ್ತಾಳೆ. ಬಸವಣ್ಣನ ವಿಧಿಗೂ ಪೇಟೆಯ ಅಗತ್ಯಕ್ಕೂ ಇಲ್ಲಿ ಜಗಳವೇ ಇಲ್ಲ.

ಜಗಳ ಇರುವುದು ಬೇರೆ ಕಡೆ. ತನ್ನ ಬಾಯಿಂದ ತನ್ನನ್ನು ಹೊಗಳಿಕೊಳ್ಳಲು ನಾಚುವವರೂ ಗಂಡನ ಫೋನಿನಿಂದ, ನಾದಿನಿಯ ಫೋನಿನಿಂದ ಐದು ನಕ್ಷತ್ರ ಒತ್ತಿಸಲು ನಾಚುವುದಿಲ್ಲ. ದುಡ್ಡು ಕೊಟ್ಟು ಬರೆಸುವ ವಿಮರ್ಶೆಗಳ ದಂಧೆಯೇ ಇದೆ. ಇದು ಪರರ ಬಾಯಲ್ಲಿ ಆಡಿಸಿದ ಆತ್ಮಪ್ರಶಂಸೆ, ಮೇಲೆ ಸುಳ್ಳು ಬೇರೆ. ಒಂದೇ ಏಟಿಗೆ ಎರಡು ವಿಧಿ ಮುರಿಯಿತು. ಕಾನೂನೂ ತಡವಾಗಿ ಅದೇ ಜಾಗಕ್ಕೆ ಬಂದು ನಿಂತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ ಗಿರಾಕಿಯನ್ನು ಮರುಳು ಮಾಡುವ 13 ತಂತ್ರಗಳನ್ನು ಪಟ್ಟಿ ಮಾಡಿದೆ. ‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂದು ಇಲ್ಲದ ಅವಸರ ಹುಟ್ಟಿಸುವುದು ಅವುಗಳಲ್ಲಿ ಒಂದು.

ಅಗ್ಗದ ಸಾಧನಗಳಲ್ಲೇ ಕೆಲವಕ್ಕೆ ಒಂದು ಮರ್ಯಾದೆ ಇದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ಕಳಿಸಿದವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಕೇಳಲು ಒಪ್ಪಿದವರ ಕಿವಿಗೆ ಮಾತ್ರ ಮಾತು. ಪರಿಚಯವೇ ಇಲ್ಲದವರನ್ನು ಹಿಡಿದು ಗುಂಪಿಗೆ ತಳ್ಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಎಷ್ಟು ಸಾರಬೇಕು ಎಂಬುದು ಉಳಿದ ಪ್ರಶ್ನೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಮರಳಿ ಸುರಿದು ಬಾ ಎಂದು ಕಳಿಸಿದ ಕಥೆ ಎಲ್ಲರೂ ಕೇಳಿದ್ದೇ. ಎರಡು ಒಲೆ, ನಾಲ್ಕು ಕೈ ಇರುವ ಮನೆ ದಿನಕ್ಕೆ ಬಡಿಯಬಲ್ಲ ರೊಟ್ಟಿಗೆ ಒಂದು ಮಿತಿ ಇದೆ. ಸಾಮಾಜಿಕ ಜಾಲತಾಣಗಳಿಗೆ ಆ ಮಿತಿ ತಿಳಿಯದು, ಅವು ದಿನಾ ಹೊಸ ವಿಡಿಯೊ ಬೇಡುತ್ತವೆ. ಬೇಡಿಕೆ ಕೈಮೀರಿದಾಗ ಹೊರಗಿನಿಂದ ರೊಟ್ಟಿ ಕೊಂಡು ‘ಮನೆಯಲ್ಲಿ ಮಾಡಿದ್ದು’ ಎಂಬ ಚೀಟಿ ಅಂಟಿಸಿದರೆ, ನಿನ್ನೆಯವರೆಗೆ ನಿಜವಾಗಿದ್ದ ಜಾಹೀರಾತು ಇವತ್ತಿನಿಂದ ಸುಳ್ಳು. ‘ಇವತ್ತಿನ ಆರ್ಡರ್ ಮುಗಿದವು’ ಎಂದು ಸ್ಟೇಟಸ್ ಹಾಕಿ ನಿಲ್ಲಿಸುವ ಧೈರ್ಯವೂ ಕಾಯಕದ್ದೇ ಭಾಗ.

ವಚನಕಾರರು ತಮ್ಮ ಮಾತಿನ ಕೊನೆಗೆ ಹಾಕಿದ ಅಂಕಿತ ಸಾಮಾನ್ಯವಾಗಿ ಅವರ ಸ್ವಂತ ಹೆಸರಾಗಿರಲಿಲ್ಲ. ಬಸವಣ್ಣನದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಗುರುತು ಬೇಕು, ಆದರೆ ಅದು ತನ್ನಾಚೆಗೆ ಕೈ ತೋರಬೇಕು ಎಂಬ ಎಚ್ಚರ ಅದರಲ್ಲಿದೆ. ಇಂದಿನ ಆನ್‌ಲೈನ್ ಮಳಿಗೆ ತನ್ನ ಬ್ರ್ಯಾಂಡಿನ ಹೆಸರನ್ನು ದೊಡ್ಡದಾಗಿ ಹಾಕಿಕೊಳ್ಳುತ್ತದೆ, ವಾರಗಟ್ಟಲೆ ಕಣ್ಣು ಕೀಲಿಸಿ ಎಳೆ ಎಣಿಸಿದ ಕಸೂತಿಯವಳ ಹೆಸರು ಎಲ್ಲೂ ಇರುವುದಿಲ್ಲ. ಇದನ್ನು ವಿನಯ ಎನ್ನುವಂತಿಲ್ಲ, ಏಕೆಂದರೆ ಹೆಸರು ಅಳಿಸಿದ್ದು ಆಕೆಯಲ್ಲ. ಬಸವಣ್ಣ ತಡೆದದ್ದು ತನ್ನ ಬಣ್ಣನೆಯನ್ನು. ಇನ್ನೊಬ್ಬರ ದುಡಿಮೆಯನ್ನು ಹೆಸರಿಟ್ಟು ಹೇಳಲು ಅಲ್ಲಿ ಅಡ್ಡಿಯಿಲ್ಲ. ಆಕೆ ಒಪ್ಪಿದರೆ ಆಕೆಯ ಹೆಸರು, ಊರು, ಹಿಡಿದ ದಿನ, ಹಾಕಿದ ಹೊಲಿಗೆ ಇಷ್ಟನ್ನು ಬರೆದ ಚೀಟಿಯೊಂದು ಸೀರೆಯ ಮಡಿಕೆಯಲ್ಲಿ ಗಿರಾಕಿಯ ಮನೆಗೆ ಹೋಗಬಹುದು. ಅಚ್ಚು ಹಾಕಿಸಲು ರೂಪಾಯಿಯೂ ಬೀಳಲಿಕ್ಕಿಲ್ಲ, ಮತ್ತು ಮುಂದಿನ ಗಿರಾಕಿ ಆ ಹೆಸರು ಹಿಡಿದೇ ಕೇಳಿಕೊಂಡು ಬರುತ್ತಾಳೆ.