ದೊಡ್ಡ ಅರ್ಧ

ಶನಿವಾರ, ಭಾನುವಾರ ದಾವಣಗೆರೆಯಲ್ಲಿ ಇದ್ದುಬಿಡೋಣ, ಯಾವ ನೆಂಟರ ಮನೆಗೂ ಹೋಗುವುದು ಬೇಡ, ಬರೀ ತಿಂದುಕೊಂಡು ತಿರುಗೋಣ ಎಂದು ಅಕ್ಕನಿಗೆ ಫೋನು ಮಾಡಿ ಹೇಳಿದವನು ನಾನೇ. ಅವಳಿರುವುದು ಹುಬ್ಬಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ದಾವಣಗೆರೆ ನಡುವೆ ಬರುತ್ತದೆ. ಲೆಕ್ಕ ಹಾಕಿದರೆ ಅವಳಿಗೆ ಹತ್ತಿರ, ನನಗೆ ದೂರ. ಈ ಒಂದು ವಿಷಯದಲ್ಲಾದರೂ ತಕ್ಕಡಿ ಅವಳ ಕಡೆಗೆ ಚೂರು ವಾಲಿತು ಎಂದು ಆಮೇಲೆ ಅನ್ನಿಸಿತು.

"ಇದೇನೋ ಹೊಸದು ಶುರು ಮಾಡ್ಕೊಂಡೆ?" ಎಂದು ನಕ್ಕಳು. ಭಾವ, ಮಕ್ಕಳು, ನನ್ನ ಹೆಂಡತಿ ಯಾರೂ ಇಲ್ಲದೆ ನಾವಿಬ್ಬರೇ ಎರಡು ದಿನ ಒಟ್ಟಿಗೆ ಕಳೆದದ್ದು ಅವಳ ಮದುವೆಗೆ ಮೊದಲು, ಅಂದರೆ 1993ಕ್ಕೂ ಹಿಂದೆ.

ಬೇರೆ ಕೆಲಸವಿಲ್ಲ ಎಂದದ್ದು ಮಾತ್ರ ಪೂರ್ತಿ ನಿಜವಲ್ಲ. ನನ್ನ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ಅದರಲ್ಲಿ ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಜೊತೆಗೆ ವಕೀಲರು ಟೈಪ್ ಮಾಡಿಸಿಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರದ ಕರಡು. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು 2 ಎಕರೆ 10 ಗುಂಟೆ ಅಡಿಕೆ ತೋಟ, ಪಿತ್ರಾರ್ಜಿತ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ಹೋದ ವರ್ಷ ತೀರಿಕೊಂಡರು. ಉಳಿದವರು ನಾವಿಬ್ಬರೇ. ಸೋಮವಾರ ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದರೆ ತೋಟ ನನ್ನೊಬ್ಬನದು. ಅವಳಿಗೂ ಇದು ಗೊತ್ತಿತ್ತು. ತಿಥಿಯ ದಿನ, ಎಲೆ ತೆಗೆಯುತ್ತಾ ಅವಳೇ ಹೇಳಿದ್ದಳು: "ನಂಗೇನೂ ಬೇಡ ಕಣೋ. ಎಲ್ಲಿ ಸೈನ್ ಹಾಕ್ಬೇಕು ಹೇಳು, ಬರ್ತೀನಿ."

ಆ ಮಾತು ಕೇಳಿ ನನಗಾದದ್ದು ಸಮಾಧಾನ. ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಂಗಳೂರಿನ ಫ್ಲಾಟಿನ ಸಾಲ ಇನ್ನೂ 11 ವರ್ಷವಿದೆ.

ಶನಿವಾರ ಬೆಳಿಗ್ಗೆ ರೈಲಿಳಿದವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ದೋಸೆ ಹೋಟೆಲಿಗೆ ಹೋದೆ. ಬೆಣ್ಣೆ ದೋಸೆ ಎಂಬ ಬೋರ್ಡು ಈಗ ಎಲ್ಲ ಊರಲ್ಲೂ ಇದೆ. ಆದರೆ ಸೌದೆ ಒಲೆಯ ಮುಂದೆ ಬೆವರುತ್ತಾ ನಿಂತವನು ಕಾದ ಕಾವಲಿಯ ಮೇಲೆ ಹಿಟ್ಟು ಹುಯ್ದು, ಬೆಣ್ಣೆಯನ್ನು ಕೈತುಂಬ ಒಗೆಯುವುದನ್ನು ನೋಡುತ್ತಾ ಕಾಯಬೇಕು. ಆಗಲೇ ಅದು ದಾವಣಗೆರೆ ದೋಸೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು. ಅಂಚು ಗರಿಗರಿ, ನಡುವೆ ಮೆತ್ತಗೆ. ಅರಿಶಿನ ಕಾಣದ ಬೆಳ್ಳನೆಯ ಆಲೂಗಡ್ಡೆ ಪಲ್ಯ, ಕಾಯಿಚಟ್ನಿ. ಸಾಂಬಾರು ಕೇಳಿದರೆ ಪರಊರಿನವರು ಎಂದು ಗೊತ್ತಾಗಿಬಿಡುತ್ತದೆ.

ನಾವು ಚಿಕ್ಕವರಿದ್ದಾಗ ಶಾಲೆ ಶುರುವಾಗುವ ಮುಂಚೆ ಅಪ್ಪ ಬಟ್ಟೆ ತೆಗೆಯಲು ಇಲ್ಲಿಗೆ ಕರೆದುಕೊಂಡು ಬರುತ್ತಿದ್ದರು. ಮಕ್ಕಳಿಬ್ಬರ ನಡುವೆ ಒಂದೇ ಬೆಣ್ಣೆ ದೋಸೆ. ಜಗಳ ತಪ್ಪುತ್ತಿರಲಿಲ್ಲ. ಅವ್ವ ಅದಕ್ಕೊಂದು ಕಾನೂನು ಮಾಡಿದ್ದಳು: ಒಬ್ಬರು ಮುರಿಯಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಮುರಿಯುವವನಿಗೆ ಉಳಿದದ್ದು ಸಿಗುತ್ತದೆಂಬ ಭಯ, ಹಾಗಾಗಿ ಕೈ ತಾನಾಗಿ ಸಮನಾಗಿ ಮುರಿಯುತ್ತದೆ. ಎಷ್ಟೋ ವರ್ಷದ ನಂತರ ಜಾನ್ ರಾಲ್ಸ್ 1971ರಲ್ಲಿ ಬರೆದ ನ್ಯಾಯದ ಕುರಿತ ದೊಡ್ಡ ಪುಸ್ತಕದಲ್ಲಿ ಇದೇ ಲೆಕ್ಕವನ್ನು ಕೇಕಿನ ಉದಾಹರಣೆಯಲ್ಲಿ ಕಂಡಾಗ, ಮೂರನೇ ಕ್ಲಾಸು ಓದಿದ ಅವ್ವನನ್ನು ನೆನೆದು ಹೆಮ್ಮೆಪಟ್ಟಿದ್ದೆ. ಕೇಕು ಕತ್ತರಿಸುವವನು ಕೊನೆಯ ತುಂಡು ತೆಗೆದುಕೊಳ್ಳಬೇಕೆಂದರೆ ಪಾಲು ಸಮನಾಗಲೇಬೇಕು ಎನ್ನುತ್ತಾರೆ ರಾಲ್ಸ್. ಕತ್ತರಿಸುವ ಕೈ ಒಳ್ಳೆಯದಾಗಿರಬೇಕೆಂದೇನೂ ಇಲ್ಲ, ಪದ್ಧತಿ ಒಳ್ಳೆಯದಿದ್ದರೆ ಸಾಕು.

ಆ ಶನಿವಾರ ಹಳೇ ಆಟದ ನೆನಪಿಗೆ ಎಂದು ಒಂದೇ ದೋಸೆ ಹೇಳಿದೆವು. ನಾನು ಮುರಿದೆ. ದೋಸೆ ಕಾಗದವಲ್ಲವಲ್ಲ, ಒಂದು ಕಡೆ ದೊಡ್ಡದಾಗಿ ಹರಿಯಿತು, ಗರಿ ಅಂಚೆಲ್ಲ ಆ ಕಡೆಗೇ ಹೋಯಿತು. "ಆರಿಸ್ಕೋ" ಎಂದೆ. ಅಕ್ಕನ ಕೈ ಸಣ್ಣ ತುಂಡಿಗೆ ಹೋಯಿತು. ಯೋಚಿಸಿ ಹೋದದ್ದಲ್ಲ, ಮಾತಿನ ನಡುವೆ, ನೋಡದೇ ಹೋದದ್ದು.

"ದೊಡ್ಡದು ತಗೊಳ್ಳೇ."

"ಇಷ್ಟೇ ಸಾಕು ನಂಗೆ."

ಐದು ನಿಮಿಷದಲ್ಲಿ ಅವಳ ತಟ್ಟೆ ಖಾಲಿಯಾಯಿತು. ಚಟ್ನಿಯನ್ನೂ ಬೆರಳಲ್ಲಿ ಬಳಿದಳು. ಆಮೇಲೆ ಮಾಣಿಯನ್ನು ಕರೆದು, "ಒಂದು ಖಾಲಿ ದೋಸೆ ಕೊಡಪ್ಪ" ಎಂದಳು.

ನನ್ನ ತಲೆಯಲ್ಲಿ ಏನೋ ಸಿಕ್ಕಿಹಾಕಿಕೊಂಡದ್ದು ಅಲ್ಲಿಯೇ. ಅವಳಿಗೆ ಹಸಿವಿತ್ತು. "ಸಾಕು" ಎಂದದ್ದು ಹೊಟ್ಟೆಯಲ್ಲ. ಇಷ್ಟು ವರ್ಷ ಅವ್ವನ ಕಾನೂನನ್ನು ಕೊಂಡಾಡಿದ ನನಗೆ ಅದರ ತೂತು ಕಂಡಿರಲಿಲ್ಲ. ಆರಿಸುವವರಿಗೆ ದೊಡ್ಡದು ಬೇಕು ಎಂಬ ನಂಬಿಕೆಯ ಮೇಲೆ ಆ ಕಾನೂನು ನಿಂತಿದೆ. ದುರಾಸೆಗೆ ಅದರಲ್ಲಿ ಕಡಿವಾಣವಿದೆ. ಆದರೆ ಮೊದಲು ಕೈಹಾಕುವ ಹಕ್ಕಿದ್ದೂ ಸಣ್ಣದನ್ನೇ ಎತ್ತಿಕೊಳ್ಳಲು ಕಲಿತ ಕೈಯ ಮುಂದೆ ಆ ಕಾನೂನು ಏನೂ ಮಾಡಲಾರದು. ಮುರಿದವನು ಸುಮ್ಮನೆ ಕೂತಿದ್ದರೂ ದೊಡ್ಡದು ಅವನಿಗೇ ಬರುತ್ತದೆ, ಜೊತೆಗೆ ಎಲ್ಲವೂ ನ್ಯಾಯವಾಗಿಯೇ ನಡೆಯಿತು ಎಂಬ ಸರ್ಟಿಫಿಕೇಟು ಬೇರೆ.

ನನ್ನ ಬ್ಯಾಗಿನಲ್ಲಿದ್ದ ಫೈಲೂ ಅಂಥದೇ ಸರ್ಟಿಫಿಕೇಟು. ಕಾನೂನಿನ ಪ್ರಕಾರ ಅಕ್ಕನಿಗೆ ಮೊದಲು ಆರಿಸುವ ಅವಕಾಶ ಕೊಟ್ಟಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಅಕ್ಕ ಒಂದು ವರ್ಷದಲ್ಲಿ ಅದನ್ನು ಕಳೆದುಕೊಂಡಳು. 2005ರ ಕೇಂದ್ರ ತಿದ್ದುಪಡಿ ಮದುವೆಯ ಗೆರೆಯನ್ನು ಅಳಿಸಿತು. ಆ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೇ ಎಂಬ ತಕರಾರನ್ನೂ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು. ಅಂದರೆ 1 ಎಕರೆ 5 ಗುಂಟೆ ನಾನು ಕೊಡಬೇಕಾದದ್ದಲ್ಲ, ಅದು ಅವಳದೇ. ಇಷ್ಟೆಲ್ಲ ಆದ ಮೇಲೂ ಕೈ ಸಣ್ಣ ತುಂಡಿಗೇ ಹೋಗುತ್ತದೆ. ಸಣ್ಣ ತುಂಡೂ ಅಲ್ಲ, ವರ್ಷಕ್ಕೊಮ್ಮೆ ಗೌರಿ ಹಬ್ಬದ ಬಾಗಿನ, ಒಂದು ಸೀರೆ.

ನಮ್ಮ ಕಡೆ ಇದಕ್ಕೆ ರೆಡಿಯಾದ ಉತ್ತರವಿದೆ: ಅವಳ ಮದುವೆಗೆ ಖರ್ಚು ಮಾಡಿಲ್ಲವೇ? ಮಾಡಿದ್ದಾರೆ. ಅಡಿಕೆ ಮಾರಿದ ದುಡ್ಡು, ಒಂದಿಷ್ಟು ಕೈಸಾಲ. ಮೂರು ವರ್ಷದ ನಂತರ ನನ್ನ ಇಂಜಿನಿಯರಿಂಗಿನ ಪೇಮೆಂಟ್ ಸೀಟಿಗೆ ಅಪ್ಪ ಇದೇ ತೋಟದ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಿದರು. ಅವಳ ಮದುವೆ ಖರ್ಚನ್ನು ಪಾಲು ಎಂದು ಕರೆದರು, ನನ್ನ ಫೀಸನ್ನು ಓದು ಎಂದು. ಎರಡೂ ಒಂದೇ ತೋಟದಿಂದ ಬಂದದ್ದು.

ಕನ್ನಡದಲ್ಲಿ "ಕೊಡು" ಬೇರೆ, "ಬಿಟ್ಟುಕೊಡು" ಬೇರೆ. ಕೊಡಬೇಕಾದರೆ ಮೊದಲು ಅದು ನನ್ನದು ಎಂದು ಹಿಡಿದುಕೊಂಡಿರಬೇಕು. ಹಿಡಿಯುವ ಮೊದಲೇ ಕೈಬಿಡುವುದಕ್ಕೆ ಬಿಟ್ಟುಕೊಡುವುದು ಎನ್ನುತ್ತೇವೆ. ಅಕ್ಕ ತೋಟವನ್ನು ಒಂದು ದಿನವೂ ತನ್ನದೆಂದು ಹಿಡಿದವಳಲ್ಲ. ಹಾಗಿರುವಾಗ ಅವಳು ನನಗೆ ಕೊಡುತ್ತಿರುವುದು ಏನು? ಅಮರ್ತ್ಯ ಸೇನ್ ಈ ಬಗ್ಗೆ ಹಲವು ಕಡೆ ಬರೆದಿದ್ದಾರೆ: ಬಹುಕಾಲ ಕಡಿಮೆಯಲ್ಲೇ ಬದುಕಿದವರು ತಮ್ಮ ಆಸೆಯನ್ನೇ ಅದಕ್ಕೆ ತಕ್ಕಂತೆ ಕುಗ್ಗಿಸಿಕೊಳ್ಳುತ್ತಾರೆ, ಆದ್ದರಿಂದ ಅವರ ತೃಪ್ತಿಯನ್ನು ನ್ಯಾಯದ ಅಳತೆಗೋಲು ಮಾಡಬಾರದು ಎಂದು.

ಓದಿದಾಗ ಒಪ್ಪಿದ್ದೆ. ಎದುರಿಗೆ ಅಕ್ಕನೇ ಖಾಲಿ ದೋಸೆ ತಿನ್ನುತ್ತಾ ಕೂತಿರುವಾಗ ಒಪ್ಪುವುದು ಅಷ್ಟು ಸುಲಭವಲ್ಲ. ಇವಳು 30 ವರ್ಷ ಸಂಸಾರ ನಡೆಸಿದವಳು, ಭಾವನ ಅಂಗಡಿಯ ಲೆಕ್ಕವೆಲ್ಲ ಇವಳ ಕೈಯಲ್ಲೇ ಇದೆ. ನಿನ್ನ "ಬೇಡ" ನಿಜವಾದ ಬೇಡವಲ್ಲ, ಅದನ್ನು ನಿನಗೆ ಕಲಿಸಿದ್ದಾರೆ ಎಂದು ಇವಳಿಗೆ ಹೇಳಲು ನಾನು ಯಾರು? ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ ಹೇಳಿದ್ದೂ ಇದನ್ನೇ: "ಬೇಡ ಅಂದೋರಿಗೆ ಬಲವಂತವಾಗಿ ಕೊಡೋದೂ ನಿಮ್ಮ ದೊಡ್ಡಸ್ತಿಕೆನೇ." ತೆಗೆದುಕೊಂಡರೆ ಅವಳ ಅಭ್ಯಾಸವನ್ನು ಬಳಸಿಕೊಂಡ ಹಾಗೆ. ಬೇಡವೆಂದರೆ ಅವಳ ಮಾತಿಗೆ ಬೆಲೆ ಕೊಡದ ಹಾಗೆ. ಎರಡರಲ್ಲೂ ತೀರ್ಮಾನ ಮಾಡುವವನು ನಾನೇ ಆಗಿರುತ್ತೇನೆ. ಬಹುಶಃ ತಪ್ಪು ಅಲ್ಲಿಯೇ ಇತ್ತು. ಆದರೆ ಆಗ ಹೊಳೆಯಲಿಲ್ಲ.

ಸಂಜೆ ಮಂಡಕ್ಕಿ ಮೆಣಸಿನಕಾಯಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಭಟ್ಟಿಗಳ ಊರಿದು. ಖಾರ ಮಂಡಕ್ಕಿಯನ್ನು ಪೇಪರಿನ ಮೇಲೆ ಸುರಿದು, ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಇಟ್ಟು ಕೊಡುತ್ತಾರೆ. ಮಂಡಕ್ಕಿಯಲ್ಲಿ ಪಾಲಿನ ಪ್ರಶ್ನೆಯೇ ಏಳುವುದಿಲ್ಲ. ಎರಡು ಕೈ ಒಂದೇ ಗುಡ್ಡೆಗೆ ಹೋಗುತ್ತಿರುತ್ತವೆ, ಯಾರು ಎಷ್ಟು ತಿಂದರು ಎಂದು ಎಣಿಸಿದವರಿಲ್ಲ. ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಮೂರನೇ ಮೆಣಸಿನಕಾಯಿ ತಿಂದಳು. ಇವಳಿಗೆ ಖಾರ ಇಷ್ಟು ಇಷ್ಟವೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯ ಅಡುಗೆಯ ಖಾರ ಅಪ್ಪನ ಹೊಟ್ಟೆಯ ಅಳತೆಗೆ ಇರುತ್ತಿತ್ತು.

ಆ ಎರಡು ದಿನ ತುಂಬ ಖುಷಿಯಾಗಿದ್ದೆವು. ಇದನ್ನು ಹೇಳದಿದ್ದರೆ ಬರೆದದ್ದು ಸುಳ್ಳಾಗುತ್ತದೆ. ಅವಳು ನಮ್ಮ ಚಿಕ್ಕಪ್ಪ ಉಣ್ಣುವ ರೀತಿಯನ್ನು ಅಣಕಿಸಿದಳು, ನಾನು ಚಹಾ ಉಗುಳುವಷ್ಟು ನಕ್ಕೆ. ಆದರೂ ಬಿಲ್ಲು ಕೊಡುವಾಗೆಲ್ಲ ಒಂದು ಅನುಮಾನ ಚುಚ್ಚುತ್ತಿತ್ತು: ನಾನು ಇವಳಿಗೆ ತಿನ್ನಿಸುತ್ತಿರುವುದು ಪ್ರೀತಿಗೋ, ಸೋಮವಾರದ ಸಹಿಗೋ? ಉಪ್ಪಿನ ಋಣ ಎನ್ನುತ್ತಾರಲ್ಲ, ಅದನ್ನು ಹೊರಿಸಿ ಮುದ್ರೆ ಒತ್ತಿಸಿಕೊಳ್ಳುವ ಹಂಚಿಕೆ ನನಗೇ ತಿಳಿಯದಂತೆ ನನ್ನೊಳಗೆ ಕೂತಿತ್ತೇ? ಪ್ರೀತಿ ಇತ್ತು. ಹಂಚಿಕೆಯೂ ಇತ್ತು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ ಎಂಬುದೇ ಇಂಥ ವಿಷಯಗಳ ಕಷ್ಟ.

ಭಾನುವಾರ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಸೂಳೆಕೆರೆಗೆ ಹೋದೆವು. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮ ಕಡೆಯವರು ಎದೆಯುಬ್ಬಿಸಿ ಹೇಳುತ್ತಾರೆ. ಏರಿಯ ಮೇಲೆ ಕೂತು ಪೊಟ್ಟಣ ಬಿಚ್ಚಿದೆವು. ಗಾಳಿಗೆ ಮಂಡಕ್ಕಿ ಹಾರುತ್ತಿತ್ತು. ಕೆರೆಯ ಕಥೆ ನಮಗಿಬ್ಬರಿಗೂ ಅವ್ವ ಹೇಳಿದ್ದೇ. ಶಾಂತವ್ವ ಎಂಬ ದೊರೆಮಗಳು ಕೆರೆ ಕಟ್ಟಿಸಲು ಹೊರಟಾಗ ಆ ಜಾಗದಲ್ಲಿ ಸೂಳೆಯರ ವಾಸವಿತ್ತಂತೆ. ಜಾಗ ಬಿಟ್ಟುಕೊಡಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕೆರೆ ತಮ್ಮ ಹೆಸರಿನಲ್ಲಿರಬೇಕು. ಈಗ ಬೋರ್ಡುಗಳಲ್ಲಿ ಶಾಂತಿಸಾಗರ ಎಂದಿದೆ. ಮರ್ಯಾದಸ್ಥರ ಬಾಯಲ್ಲಿ ಹೇಳಲು ಅನುಕೂಲವಾದ ಹೆಸರು.

"ಜಾಗನೂ ಹೋಯ್ತು, ಹೆಸರೂ ಹೋಯ್ತು" ಎಂದೆ, ಏನೋ ದೊಡ್ಡ ಮಾತು ಹೇಳಿದವನಂತೆ.

"ಎಲ್ಲಿ ಹೋಗಿದೆ? ನೀನು ಈಗ ಬಸ್‌ಸ್ಟ್ಯಾಂಡಲ್ಲಿ ಯಾವ ಹೆಸರು ಹೇಳಿ ದಾರಿ ಕೇಳ್ದೆ?" ಎಂದಳು. ಸ್ವಲ್ಪ ಹೊತ್ತು ನೀರು ನೋಡಿದಳು. "ಅವರು ಸುಮ್ನೆ ಬಿಟ್ಟುಕೊಡ್ಲಿಲ್ಲ ನೋಡು. ಕೇಳಿ ಬಿಟ್ಟುಕೊಟ್ರು."

ನಾನು ಫೈಲಿನ ವಿಷಯ ತೆಗೆದೆ. ಅವಳು ಪತ್ರವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು, ಬೆರಳಿನ ಎಣ್ಣೆ ತಾಗದಂತೆ ಅಂಚು ಹಿಡಿದುಕೊಂಡು. "ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬ ಸಾಲು ಬಂದಾಗ ಜೋರಾಗಿ ಓದಿದಳು. ಆಮೇಲೆ ಕೇಳಿದಳು:

"ಒಂದು ವೇಳೆ ನಾನು ಹಾಕಲ್ಲ ಅಂದ್ರೆ, ಮುಂದಿನ ವರ್ಷ ದೋಸೆ ತಿನ್ನೋಕೆ ಕರೀತೀಯಾ?"

ನಗುತ್ತಲೇ ಕೇಳಿದ್ದು. ನಾನೂ ನಗುತ್ತಲೇ "ಕರೀದೆ ಏನು" ಎಂದೆ. ಆದರೆ ಆ ಉತ್ತರ ಹೊರಡುವುದಕ್ಕೆ ಒಂದು ಉಸಿರಿನಷ್ಟು ತಡವಾಯಿತು. ಅವಳು ಅದನ್ನು ಗಮನಿಸಿದಳು. ಹೆಣ್ಣುಮಕ್ಕಳು ಪಾಲು ಬಿಡುವುದು ತೋಟ ಬೇಡವೆಂದಲ್ಲ, ತವರಿನ ಬಾಗಿಲು ತೆರೆದಿರಲಿ ಎಂದು. ಪಾಲು ಕೇಳಿದ ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆಯುವುದು ನಿಲ್ಲಿಸಿದ ಮನೆಗಳು ನಮ್ಮ ಬೀದಿಯಲ್ಲೇ ಎರಡಿವೆ. ಆ ಬಾಗಿಲಿನ ಚಿಲಕ ಈಗ ನನ್ನ ಕೈಯಲ್ಲಿರುವಾಗ, ಅವಳ "ಸ್ವಇಚ್ಛೆ" ಎಷ್ಟು ಸ್ವಂತದ್ದು?

"ನಿನ್ನ ಷರತ್ತೇನು ಹೇಳು" ಎಂದೆ.

ಅಕ್ಕ ಪೇಪರಿನ ಮಡಿಕೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಒಟ್ಟುಮಾಡಿ ಬಾಯಿಗೆ ಹಾಕಿಕೊಂಡಳು. "ಯೋಚ್ನೆ ಮಾಡ್ಬೇಕು ಕಣೋ. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ."

ಸೋಮವಾರ ನಾವು ಚನ್ನಗಿರಿಗೆ ಹೋಗಲಿಲ್ಲ. ಮತ್ತೊಮ್ಮೆ ದೋಸೆ ತಿಂದೆವು, ಈ ಸಲ ಬೇರೆ ಬೇರೆ ತಟ್ಟೆಯಲ್ಲಿ. ಮೊಮ್ಮಗಳಿಗೆಂದು ನರ್ಗೀಸ್ ಮಂಡಕ್ಕಿ ಕಟ್ಟಿಸಿಕೊಂಡು ಅವಳು ರೈಲು ಹತ್ತಿದಳು. ವಕೀಲರು ಎರಡು ಸಲ ಫೋನು ಮಾಡಿದರು, ಏನೋ ನೆಪ ಹೇಳಿದೆ. ಪೌತಿ ಖಾತೆ ಇನ್ನೂ ಆಗಿಲ್ಲ. ಬ್ಯಾಂಕಿನ ಕಂತು ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಅವಳು ಸಹಿ ಹಾಕಿಬಿಟ್ಟರೆ ಚೆನ್ನಾಗಿತ್ತು ಎಂದು ಅನ್ನಿಸುವ ರಾತ್ರಿಗಳೂ ಇವೆ.

ಹೋದ ವಾರ ಅಕ್ಕ ಫೋನು ಮಾಡಿದ್ದಳು. ಮಗಳ ಆರೋಗ್ಯ, ಹುಬ್ಬಳ್ಳಿಯ ಬಿಸಿಲು, ಎಲ್ಲ ಆದ ಮೇಲೆ, ಇಡುವ ಮೊದಲು ಕೇಳಿದಳು: "ಈ ವರ್ಷ ತೋಟದ ಖೇಣಿ ಎಷ್ಟಕ್ಕೆ ಕೊಟ್ಟೆ?"