ರಮಣರ ವಿಚಾರಮಾರ್ಗ: ಧ್ಯಾನಿಯನ್ನೇ ಹುಡುಕುವ ಧ್ಯಾನ

ತಿರುವಣ್ಣಾಮಲೆಯ ರಮಣ ಮಹರ್ಷಿಗಳನ್ನು (1879–1950) ಧ್ಯಾನನಿಷ್ಠ ಸಂತರ ಸಾಲಿನಲ್ಲಿ ಎಣಿಸುವುದು ರೂಢಿಯಾಗಿದೆಯಾದರೂ, ಅವರ ಬದುಕನ್ನೂ ಉಪದೇಶವನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಒಂದು ತೊಡಕು ಎದುರಾಗುತ್ತದೆ. ಯಾವ ಗುರುವಿನ ಬಳಿಯೂ ಅಭ್ಯಾಸ ಮಾಡದೆ, 16ರ ಹರೆಯದಲ್ಲಿ ಅಲ್ಪ ಹೊತ್ತಿನಲ್ಲೇ ಆತ್ಮನಿಷ್ಠೆಯನ್ನು, ಅಂದರೆ ತನ್ನ ಸ್ವರೂಪದಲ್ಲಿ ಕದಲದೆ ನಿಲ್ಲುವ ಸ್ಥಿತಿಯನ್ನು, ಪಡೆದ ಇವರು ಮುಂದೆ ಇತರರಿಗೆ ಬಿಡದ ಅಭ್ಯಾಸವನ್ನೇ ವಿಧಿಸಿದರು. ತಾವು ನಡೆಯದ ದಾರಿಯನ್ನು ಅವರು ಯಾವ ಆಧಾರದಿಂದ ತೋರಿಸಿದರು?

ತಿರುಚ್ಚುಳಿಯಲ್ಲಿ ಹುಟ್ಟಿದ ವೆಂಕಟರಾಮನ್ (ಇದು ರಮಣರ ಮೊದಲ ಹೆಸರು), ತಂದೆ 1892ರಲ್ಲಿ ತೀರಿಕೊಂಡ ಬಳಿಕ ಮದುರೆಯಲ್ಲಿ ಚಿಕ್ಕಪ್ಪನ ಮನೆ ಸೇರಿ ಶಾಲೆಗೆ ಹೋಗುತ್ತಿದ್ದ ಸಾಧಾರಣ ಹುಡುಗ. ಶಿವಭಕ್ತರ ಚರಿತೆಯಾದ ‘ಪೆರಿಯಪುರಾಣ’ವನ್ನು ಓದಿದ್ದನೇ ಹೊರತು ವೇದಾಂತದ ಪರಿಚಯ ಅವನಿಗಿರಲಿಲ್ಲ. 1896ರ ಜುಲೈನಲ್ಲಿ, ದೇಹದಲ್ಲಿ ಯಾವ ಕಾಯಿಲೆಯೂ ಇಲ್ಲದಿರುವಾಗಲೇ, ಸಾಯುತ್ತಿದ್ದೇನೆಂಬ ಭಯ ಅವನನ್ನು ಹಿಡಿಯಿತು. ಆತ ವೈದ್ಯರನ್ನು ಕರೆಯಲಿಲ್ಲ, ಮನೆಯವರನ್ನೂ ಕೂಗಲಿಲ್ಲ. ನೆಲದ ಮೇಲೆ ಹೆಣದಂತೆ ಕೈಕಾಲು ಸೆಟೆಸಿ, ತುಟಿ ಬಿಗಿದು, ಉಸಿರು ಹಿಡಿದು ಮಲಗಿ, ಈ ಶರೀರವನ್ನು ಸುಡುಗಾಡಿಗೆ ಒಯ್ದು ಬೂದಿ ಮಾಡಿದರೆ ತಾನೂ ಇಲ್ಲವಾಗುವೆನೇ ಎಂದು ನೋಡಿದ. ಜಡವಾಗಿ ಬಿದ್ದಿರುವ ದೇಹಕ್ಕಿಂತ ಬೇರೆಯಾಗಿ ‘ನಾನು’ ಎಂಬ ಅರಿವು ಪೂರ್ಣಬಲದಿಂದ ಉಳಿದಿರುವುದು ಅವನಿಗೆ ತರ್ಕದಿಂದಲ್ಲ, ನೇರವಾಗಿ ಗೋಚರಿಸಿತು. ಆರು ವಾರಗಳ ಬಳಿಕ, ಅಣ್ಣನ ಶುಲ್ಕಕ್ಕೆಂದು ಕೊಟ್ಟಿದ್ದ ಐದು ರೂಪಾಯಿಯಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು ಮನೆ ಬಿಟ್ಟು, ಸೆಪ್ಟೆಂಬರ್ 1ರಂದು ತಿರುವಣ್ಣಾಮಲೆಯ ಅರುಣಾಚಲೇಶ್ವರನ ಸನ್ನಿಧಿಯನ್ನು ತಲುಪಿದ.

ಅಲ್ಲಿನ ಸಾವಿರಕಂಬದ ಮಂಟಪದ ಕೆಳಗಿನ ಪಾತಾಳಲಿಂಗದ ಕತ್ತಲಲ್ಲಿ, ಹುಳುಗಳು ತೊಡೆಯನ್ನು ಕಚ್ಚಿ ಹುಣ್ಣಾಗಿಸಿದರೂ ಎಚ್ಚರವಿಲ್ಲದೆ ಕುಳಿತಿದ್ದ ಈ ತರುಣನನ್ನು ಜನ ಘೋರ ತಪಸ್ವಿಯೆಂದು ಕೊಂಡಾಡಿದರು. ಆದರೆ ಏನನ್ನೋ ಸಾಧಿಸಲು ತಾವು ಅಲ್ಲಿ ಕುಳಿತಿರಲಿಲ್ಲವೆಂದೇ ರಮಣರು ಮುಂದೆ ಹೇಳುತ್ತಿದ್ದರು. ಜೀವನಚರಿತ್ರೆಗಳು ಈ ಮಾತನ್ನು ದಾಖಲಿಸಿಯೂ ಪಾತಾಳಲಿಂಗದ ಚಿತ್ರಕ್ಕೇ ಹೆಚ್ಚು ಬಣ್ಣ ಬಳಿಯುತ್ತವೆ. ದೇಹದಂಡನೆಗೆ ಮಣಿಯುವುದು ಭಕ್ತಸಮೂಹದ ಹಳೆಯ ಅಭ್ಯಾಸ.

ಉಪದೇಶದ ಮೊದಲ ಸ್ಪಷ್ಟ ರೂಪ ದೊರೆಯುವುದು 1902ರಲ್ಲಿ, ಶಿವಪ್ರಕಾಶಂ ಪಿಳ್ಳೆ ಎಂಬ ಸಾಧಕರ ಪ್ರಶ್ನೆಗಳಿಗೆ ಮೌನದಲ್ಲಿದ್ದ ಅವರು ಬರೆದು ತೋರಿಸಿದ ಉತ್ತರಗಳಲ್ಲಿ. ಅವು ‘ನಾನ್ ಯಾರ್?’ ಎಂಬ ಕಿರುಹೊತ್ತಗೆಯಾಗಿ 1923ರಲ್ಲಿ ಅಚ್ಚಾದವು. ಅದರ ತಿರುಳು ‘ಅಹಂವೃತ್ತಿ’ಯ ವಿಚಾರ. ಮನಸ್ಸಿನಲ್ಲಿ ಏಳುವ ಎಲ್ಲ ಆಲೋಚನೆಗಳಿಗೂ ಮೊದಲು ಹುಟ್ಟಿ, ಅವೆಲ್ಲವನ್ನೂ ತನ್ನವೆಂದು ಹಿಡಿದಿಡುವ ‘ನಾನು’ ಎಂಬ ಎಣಿಕೆಯೇ ಅಹಂವೃತ್ತಿ. ಅದು ಎಲ್ಲಿಂದ ಏಳುತ್ತದೆಂದು ಹುಡುಕಿದರೆ ಅದು ಅಡಗುತ್ತದೆ, ಅದರೊಡನೆ ಉಳಿದ ಎಣಿಕೆಗಳೂ ಅಡಗುತ್ತವೆ. ಸಾಮಾನ್ಯ ಧ್ಯಾನದಲ್ಲಿ ಧ್ಯಾನಿಸುವವನು ‘ಧ್ಯಾತೃ’, ಧ್ಯಾನಕ್ಕೆ ವಿಷಯವಾದದ್ದು ‘ಧ್ಯೇಯ’. ಮೂರ್ತಿ, ಮಂತ್ರ, ಜ್ಯೋತಿ, ಕೊನೆಗೆ ‘ನಾನು ಬ್ರಹ್ಮ’ ಎಂಬ ಭಾವನೆಯೇ ಧ್ಯೇಯವಾದರೂ ಧ್ಯಾತೃ ಮಾತ್ರ ಪರೀಕ್ಷೆಗೊಳಗಾಗದೆ ಹಾಗೆಯೇ ಉಳಿಯುತ್ತಾನೆ. ರಮಣರ ವಿಚಾರ ತಿರುಗುವುದು ಅವನ ಕಡೆಗೆ. ‘ನಾನು ಯಾರು’ ಎಂಬುದನ್ನು ಮಂತ್ರದಂತೆ ಜಪಿಸಬಾರದೆಂದು ಅವರು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು, ಏಕೆಂದರೆ ಪ್ರಶ್ನೆಯನ್ನು ಜಪವಾಗಿಸಿಕೊಂಡರೆ ಉತ್ತರದ ಹೊಣೆ ತಪ್ಪುತ್ತದೆ. ಮನುಷ್ಯನಾದವನು ‘ನಾನು ಮನುಷ್ಯ’ ಎಂದು ದಿನವಿಡೀ ನೆನೆಯುತ್ತಾನೆಯೇ ಎಂಬುದು, ಬ್ರಹ್ಮಭಾವನೆಯನ್ನೇ ಗುರಿಯೆಂದು ತಿಳಿದವರಿಗೆ ‘ಉಳ್ಳದು ನಾರ್ಪದು’ ಎಂಬ ತಮ್ಮ ತಮಿಳು ಕೃತಿಯಲ್ಲಿ ಅವರು ಒಡ್ಡಿದ ಆಕ್ಷೇಪ.

ಇದರಿಂದ ಅವರು ಉಳಿದ ಸಾಧನೆಗಳನ್ನು ತಳ್ಳಿಹಾಕಿದರೆಂದು ತಿಳಿಯಬಾರದು. 30 ಪದ್ಯಗಳ ‘ಉಪದೇಶಸಾರ’ದಲ್ಲಿ ಫಲದಾಸೆಯಿಲ್ಲದ ಕರ್ಮ, ಪೂಜೆ, ಜಪ, ಧ್ಯಾನ, ಪ್ರಾಣಾಯಾಮಗಳಿಗೆ ಕ್ರಮವಾಗಿ ಎಡೆಯಿದೆ. ಆದರೆ ಅಲ್ಲಿಯೇ ಮನಸ್ಸಿನ ಲಯವನ್ನೂ ನಾಶವನ್ನೂ ಅವರು ಬೇರ್ಪಡಿಸುತ್ತಾರೆ: ಉಸಿರು ಕಟ್ಟಿದಾಗಲೋ ನಿದ್ದೆಯಲ್ಲೋ ಮನಸ್ಸು ಲಯವಾದರೆ ಮತ್ತೆ ಏಳುತ್ತದೆ, ನಾಶವಾದರೆ ಏಳುವುದಿಲ್ಲ. ಗಂಟೆಗಟ್ಟಲೆ ನಿಶ್ಚಲರಾಗಿ ಕುಳಿತೆವೆಂಬ ಹೆಮ್ಮೆಗೆ ಈ ಭೇದ ಕೊಡುವ ಪೆಟ್ಟು ಸಣ್ಣದಲ್ಲ.

ಈಗ ಮೊದಲಿನ ತೊಡಕು ಸ್ವಲ್ಪ ಸಡಿಲವಾಗುತ್ತದೆ. ಮದುರೆಯ ಆ ಹುಡುಗ ಮಾಡಿದ್ದು ಅಹಂವೃತ್ತಿಯ ವಿಚಾರವನ್ನೇ. ಭಯದ ಒತ್ತಡದಲ್ಲಿ ಒಂದೇ ಸಲಕ್ಕೆ ನಡೆದುದನ್ನು ಇತರರಿಗೆ ಅವರು ದೀರ್ಘಕಾಲದ ಅಭ್ಯಾಸವಾಗಿ ಬಿಡಿಸಿ ಹೇಳಿದರು. ಭಯ ತಾನಾಗಿ ಬಂದದ್ದು, ಸಾಧಕನ ಪ್ರಶ್ನೆ ಪ್ರಯತ್ನದಿಂದ ಬರಬೇಕಾದದ್ದು ಎಂಬ ಅಂತರ ಮಾತ್ರ ಉಳಿದೇ ಇರುತ್ತದೆ. ರಮಣರಿಗೆ ಅದು ಪೂರ್ವಜನ್ಮದ ಸಾಧನೆಯಿಂದ ಒದಗಿತೆಂಬ ಸಮಾಧಾನ ನಂಬುವವರಿಗಷ್ಟೇ ಸಲ್ಲುತ್ತದೆ. ಬಹುಶಃ ಈ ಅಂತರವನ್ನು ಅರಿತೇ ಅವರು ವಿಚಾರಕ್ಕೆ ಶಕ್ತರಲ್ಲದವರಿಗೆ ಶರಣಾಗತಿಯನ್ನು, ಅಂದರೆ ‘ನಾನು’ ಎಂಬುದನ್ನು ಈಶ್ವರನಿಗೆ ಒಪ್ಪಿಸಿಬಿಡುವುದನ್ನು, ಸಮಾನವಾದ ಇನ್ನೊಂದು ದಾರಿಯಾಗಿ ಇಟ್ಟರು.

ದಾರಿ ಯಾವುದಾದರೂ ಅದಕ್ಕಾಗಿ ಸಂಸಾರವನ್ನು ಬಿಡಬೇಕೆಂದು ಅವರು ಹೇಳಲಿಲ್ಲ. ಕನ್ನಡನಾಡಿನ ಗೋಕರ್ಣದ ದೈವರಾತರು, ಕಾವ್ಯಕಂಠ ಗಣಪತಿ ಮುನಿಗಳ ಶಿಷ್ಯರಾಗಿ ರಮಣರ ಬಳಿಗೆ ಬಂದು, ಸಂಸಾರದಲ್ಲಿರುವ ಮನುಷ್ಯನ ಪರಮ ಕರ್ತವ್ಯವೇನೆಂದು ಕೇಳಿದ ಪ್ರಸಂಗ ಮುನಿಗಳ ‘ರಮಣಗೀತೆ’ಯ ಮೂರನೆಯ ಅಧ್ಯಾಯವಾಗಿದೆ. ತನ್ನ ಸ್ವರೂಪವನ್ನು ಕಂಡುಕೊಳ್ಳುವುದೇ ಆ ಕರ್ತವ್ಯವೆಂಬ ಉತ್ತರದಲ್ಲಿ ಸಂಸಾರವನ್ನು ಬಿಡಬೇಕೆಂಬ ಕಟ್ಟಳೆಯಿಲ್ಲ. ರಮಣರು ತಾವೂ ವಿಧಿವತ್ತಾಗಿ ಸಂನ್ಯಾಸ ಪಡೆದವರಲ್ಲ; ಆಶ್ರಮ ಬೆಳೆದ ಮೇಲೆ ನಸುಕಿನಲ್ಲೇ ಅಡುಗೆಮನೆ ಹೊಕ್ಕು ತರಕಾರಿ ಹೆಚ್ಚುತ್ತ, ಚಟ್ನಿ ಅರೆಯುತ್ತ, ಹಗಲಲ್ಲಿ ಪುಸ್ತಕಗಳ ಕರಡು ತಿದ್ದುತ್ತ ಇದ್ದವರು. ಮನೆ ತೊರೆಯಲು ಅನುಮತಿ ಬೇಡಿ ಬಂದ ಗೃಹಸ್ಥರಿಗೆ ಅವರು ಸಾಮಾನ್ಯವಾಗಿ ಒಪ್ಪಿಗೆ ಕೊಡುತ್ತಿರಲಿಲ್ಲ. ತಾನು ಗೃಹಸ್ಥನೆಂದು ಎಣಿಸುವ ‘ನಾನು’ ಕಾಡಿಗೆ ಹೋದರೆ ತಾನು ಸಂನ್ಯಾಸಿಯೆಂದು ಎಣಿಸುತ್ತದೆ, ಎಣಿಸುವುದನ್ನು ಬಿಡುವುದಿಲ್ಲ ಎಂಬುದು ಅವರ ವಾದ. ನೀವೇಕೆ ಮನೆ ಬಿಟ್ಟಿರಿ ಎಂದು ಮರುಪ್ರಶ್ನೆ ಹಾಕಿದವರಿಗೆ, ತಾವು ಯಾರನ್ನೂ ಕೇಳಿಕೊಂಡು ಬಿಟ್ಟದ್ದಲ್ಲವೆಂಬುದೇ ಉತ್ತರವಾಗಿತ್ತು.