ಸೆಲ್ಫ್ ಕೆಟ್ಟಿತೆಂಬ ತೀರ್ಪು

ಒಂದು ವಸ್ತು ಕೆಟ್ಟಿತೆಂದು ಹೇಳುವುದು ಸುಲಭ. ಅದರಲ್ಲಿ ಕೆಟ್ಟುದು ಯಾವುದೆಂದು ಹೇಳುವುದು ಕಷ್ಟ. ಲೋಕದ ಅನ್ಯಾಯಗಳಲ್ಲಿ ಬಹುಭಾಗವು ಈ ಎರಡು ಮಾತುಗಳ ನಡುವಣ ಅಂತರದಲ್ಲಿಯೇ ಹುಟ್ಟುತ್ತದೆ. ಈ ವಿಚಾರವನ್ನು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಹುಡುಕಬೇಕೆಂದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪೇಟೆಗಳ ಯಾವುದಾದರೊಂದು ಗ್ಯಾರೇಜಿನ ಮುಂದೆ ಹಳೆಯ ಸ್ಕೂಟರೊಂದು ಬಂದು ನಿಂತರೆ, ಅದರ ಸೆಲ್ಫ್ ಸ್ಟಾರ್ಟರಿನಲ್ಲಿಯೇ ಈ ಪ್ರಶ್ನೆ ಇಡಿಯಾಗಿ ದೊರೆಯುತ್ತದೆ.

ಕಾರುಗಳನ್ನು ಕೈಹಿಡಿ ತಿರುಗಿಸಿ ಚಾಲೂ ಮಾಡುತ್ತಿದ್ದ ಕಾಲದಲ್ಲಿ ಆ ಹಿಡಿಯು ಹಿಂದಕ್ಕೆ ಒದೆದು ಎಷ್ಟೋ ಮಂದಿಯ ಕೈ ಮುರಿದಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ನಮ್ಮ ದೇಶದ ಸ್ಕೂಟರುಗಳಿಗಾದರೋ ಬಹುಕಾಲ ಒದೆತವೇ ಗತಿಯಾಗಿತ್ತು. 1972ರಲ್ಲಿ ಬಂದ ಬಜಾಜ್ ಚೇತಕ್ಕೂ ಒದೆತಕ್ಕೇ ಏಳುತ್ತಿತ್ತು. ಗುಂಡಿಯೊತ್ತಿದರೆ ಏಳುವ, ಗೇರು ಬದಲಿಸುವ ಕೆಲಸವಿಲ್ಲದ ಸ್ಕೂಟರನ್ನು ಜನಸಾಮಾನ್ಯರಿಗೆ ಪರಿಚಯಿಸಿದುದು 1984ರಲ್ಲಿ ಸ್ಥಾಪಿತವಾದ ಕೈನೆಟಿಕ್ ಹೋಂಡಾ ಸಂಸ್ಥೆ. 1998ರಲ್ಲಿ ಹೋಂಡಾ ಆ ಸಹಭಾಗಿತ್ವವನ್ನು ಬಿಟ್ಟಿತು. ಆ ಹಳೆಯ ಪೆಟ್ರೋಲು ಗಾಡಿ ಈಗ ತಯಾರಾಗುವುದಿಲ್ಲ. ಆದರೂ ಅದನ್ನು ಜತನದಿಂದ ಇಟ್ಟುಕೊಂಡ ಮನೆಗಳು ಇನ್ನೂ ಇವೆ.

ಇಂಥ ಗಾಡಿಯ ಗುಂಡಿಯೊತ್ತಿದಾಗ ಯಂತ್ರ ಏಳದಿದ್ದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಸೆಲ್ಫ್ ಹೋಗೇತಿ, ಕಿಕ್ ಐತೆಲ್ಲ, ಹೊಡಕೊಂಡ್ ಹೋಗ್ರಿ.” ಈ ಮಾತಿನಲ್ಲಿ ಎರಡು ತೀರ್ಪುಗಳಿವೆ. ಮೊದಲನೆಯದು, ಸ್ಟಾರ್ಟರು ಸತ್ತಿದೆ ಎಂಬುದು. ಎರಡನೆಯದು, ಅದಿಲ್ಲದೆಯೂ ನಡೆಯುತ್ತದೆ ಎಂಬುದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ತರ್ಕಶಾಸ್ತ್ರವು ಸವ್ಯಭಿಚಾರವೆಂಬ ಹೇತ್ವಾಭಾಸವನ್ನು ಹೇಳುತ್ತದೆ. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಸಮನಾಗಿ ಕಾಣಿಸಿಕೊಳ್ಳುವ ಹೇತುವಿನಿಂದ ಯಾವ ನಿರ್ಣಯವೂ ಸಿದ್ಧಿಸದು. “ಮೋಟಾರು ತಿರುಗುವುದಿಲ್ಲ, ಆದುದರಿಂದ ಮೋಟಾರು ಕೆಟ್ಟಿದೆ” ಎಂಬುದು ಅಂಥದೇ ಅನುಮಾನ. ಬ್ಯಾಟರಿ ಬತ್ತಿದ್ದರೂ ಮೋಟಾರು ತಿರುಗದು. ರಿಲೇ ಕೂಡದಿದ್ದರೂ ತಿರುಗದು. ಬ್ರೇಕು ಹಿಡಿದರೆ ಮಾತ್ರ ಚಾಲೂ ಆಗುವ ಗಾಡಿಗಳಲ್ಲಿ ಬ್ರೇಕಿನ ಸ್ವಿಚ್ಚು ಕೆಟ್ಟಿದ್ದರೂ ತಿರುಗದು. ಅರ್ಥಿಂಗ್ ತಂತಿಯ ತುದಿಗೆ ತುಕ್ಕು ಕೂತಿದ್ದರೂ ತಿರುಗದು.

“ಹಾರನ್ನು ಗಟ್ಟಿಯಾಗಿ ಕೂಗುತ್ತದೆ, ಆದ್ದರಿಂದ ಬ್ಯಾಟರಿ ತಂತಿಗಳೆಲ್ಲ ಸರಿಯಾಗಿವೆ” ಎಂದು ವಾದಿಸುವವರುಂಟು. ಲೆಕ್ಕ ಬೇರೆಯೇ ಹೇಳುತ್ತದೆ. ತುಕ್ಕು ಹಿಡಿದ ಕೂಡಿಕೆಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ಪ್ರತಿರೋಧವಿದೆಯೆಂದು ಭಾವಿಸಿರಿ. 2 ಆಂಪಿಯರ್ ಬೇಡುವ ಹಾರನ್ನಿಗೆ ಅಲ್ಲಿ ನಷ್ಟವಾಗುವುದು ಕೇವಲ 0.2 ವೋಲ್ಟು. ಅದೇ ದಾರಿಯಲ್ಲಿ ಸ್ಟಾರ್ಟರು 50 ಆಂಪಿಯರ್ ಎಳೆಯಲು ಹೋದರೆ 5 ವೋಲ್ಟು ನಷ್ಟವಾಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಇದು ಹತ್ತಿರ ಹತ್ತಿರ ಅರ್ಧ. ಸಣ್ಣ ಬೇಡಿಕೆಗೆ ಮರೆಯಾಗಿರುವ ದೋಷವು ದೊಡ್ಡ ಬೇಡಿಕೆಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಭಾರ ಹೊತ್ತವನು ಕುಸಿದಾಗ, ಭಾರವಿಲ್ಲದವರು ನೆಟ್ಟಗೆ ನಿಂತಿರುವುದನ್ನು ತೋರಿಸಿ ಅವನನ್ನೇ ಅಶಕ್ತನೆನ್ನುವ ನ್ಯಾಯವೂ ಈ ಜಾತಿಯದೇ.

ಪರೀಕ್ಷೆಯೆಲ್ಲ ಮುಗಿದ ಮೇಲೆ ದೋಷವು ನಿಜವಾಗಿಯೂ ಸ್ಟಾರ್ಟರಿನಲ್ಲಿಯೇ ಇರಬಹುದು. ಆಗಲೂ ಅನೇಕ ಸಲ ಸವೆದಿರುವುದು ಕಾರ್ಬನ್ ಬ್ರಷ್ ಮಾತ್ರ. ತಿರುಗುವ ತಾಮ್ರದ ಕಮ್ಯುಟೇಟರಿಗೆ ಒತ್ತಿಕೊಂಡು ವಿದ್ಯುತ್ತನ್ನು ಮುಟ್ಟಿಸುವ ಈ ಸಣ್ಣ ತುಂಡನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಬೆಲೆಯುಳ್ಳ ತಾಮ್ರ ಉಳಿಯಲೆಂದು ಅದು ಸವೆಯುತ್ತದೆ. ಇನ್ನಷ್ಟು ಕಾಲ ಬಾಳಲಿ ಎಂದು ಅತಿ ಗಡುಸಾದ ತುಂಡನ್ನು ಹಾಕಿದರೆ ಬ್ರಷ್ ಉಳಿದೀತು, ಕಮ್ಯುಟೇಟರು ಹಾಳಾದೀತು. ಸವೆತವೆಲ್ಲವೂ ದೋಷವಲ್ಲ, ಕೆಲವು ಸವೆತ ಕರ್ತವ್ಯದ ಗುರುತು. ಬ್ರಷ್ ಸವೆಯಿತೆಂದು ಮೋಟಾರನ್ನೇ ಗುಜರಿಗೆ ಹಾಕುವವನು ಈ ಭೇದವನ್ನು ಅರಿಯನು.

ಇನ್ನು ಎರಡನೆಯ ತೀರ್ಪು. ಕಿಕ್ ಇರುವುದರಿಂದ ಸೆಲ್ಫ್ ಅನಾವಶ್ಯಕವೆಂದು ಹೇಳುವವನ ಕಾಲು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಮೊಣಕಾಲು ನೋಯುವ ವೃದ್ಧನಿಗೆ, ಸೀರೆಯುಟ್ಟು ಶಾಲೆಗೆ ಹೊರಟ ಉಪಾಧ್ಯಾಯಿನಿಗೆ, ಒಂದು ಕಾಲಿನಲ್ಲಿ ಬಲವಿಲ್ಲದವನಿಗೆ ಆ ಗುಂಡಿಯು ಅಲಂಕಾರವಲ್ಲ, ಅದೇ ಗಾಡಿ. ಅದು ಹೋದರೆ ಅವರು ಮತ್ತೊಬ್ಬರನ್ನು ಕರೆದು ಕಾಯಬೇಕು. ಒಂದು ವಸ್ತುವಿನ ಅವಶ್ಯಕತೆಯನ್ನು ಅದು ಬೇಕಾಗದವನು ನಿರ್ಣಯಿಸುವುದು ಅನ್ಯಾಯ.

ಹಾಗೆಂದು ದುರಸ್ತಿಗಾರನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರೆ ಮೊದಲಿನ ತಪ್ಪೇ ಮತ್ತೆ ನಡೆದಂತಾಗುತ್ತದೆ. ಅವನ ಸುತ್ತಲಿನ ದಾರಿಯನ್ನೂ ಪರೀಕ್ಷಿಸಬೇಕು. ಹೊಸ ಸಾಮಾನು ಹಾಕಿದರೆ ದುಡ್ಡು ಕೊಡುವ ಗಿರಾಕಿ, ಒಂದು ತಾಸು ಮೀಟರು ಹಿಡಿದು ತುಕ್ಕು ಹಿಡಿದ ತುದಿಯೊಂದನ್ನು ಕಂಡುಹಿಡಿದು ಉಜ್ಜಿ ಬಿಗಿದರೆ, “ಏನೂ ಹಾಕಿಲ್ಲವಲ್ಲ, ದುಡ್ಡು ಯಾತಕ್ಕೆ?” ಎಂದು ಕೇಳುತ್ತಾನೆ. ಸತ್ಯವನ್ನು ಹುಡುಕುವ ಶ್ರಮಕ್ಕೆ ಕೂಲಿಯಿಲ್ಲದ ಪೇಟೆಯಲ್ಲಿ ಸುಲಭದ ತೀರ್ಪುಗಳೇ ಬಿಕರಿಯಾಗುತ್ತವೆ. ಅವುಗಳನ್ನು ಕೊಂಡವನೂ ಮಾರಿದವನಷ್ಟೇ ಹೊಣೆಗಾರನು.

ಹಳೆಯ ಗಾಡಿಗೆ ಎಷ್ಟೆಂದು ವೆಚ್ಚ ಮಾಡುವುದು ಎಂಬ ಆಕ್ಷೇಪಣೆ ಉಳಿಯುತ್ತದೆ. ಅದು ಯುಕ್ತವಾದ ಆಕ್ಷೇಪಣೆಯೇ. ಆರ್ಮೇಚರ್ ಸುಟ್ಟು, ಬಿಡಿಭಾಗ ಸಿಗದೆ, ಕಿಸೆಯೂ ಬರಿದಾಗಿರುವಲ್ಲಿ ಸೆಲ್ಫನ್ನು ಬಿಟ್ಟುಬಿಡುವುದು ವಿವೇಕವಾಗಬಹುದು. ಆದರೆ ಆ ತ್ಯಾಗವನ್ನು ಮಾಡಬೇಕಾದವನು ಯಜಮಾನನು. ದೋಷವೆಲ್ಲಿದೆಯೆಂಬುದು ಅವನಿಗೆ ತಿಳಿದ ಮೇಲೆ ಮಾಡಬೇಕಾದುದು. ತಿಳಿದು ಬಿಟ್ಟುದು ತ್ಯಾಗ. ತಿಳಿಯದೆ ಬಿಡಿಸಿಕೊಂಡುದು ನಷ್ಟ. ಒಂದು ಮೀಟರು, ಒಂದು ಪಾನು, ಅರ್ಧ ತಾಸಿನ ತಾಳ್ಮೆ, ಮತ್ತು ಆ ತಾಳ್ಮೆಗೆ ಸಲ್ಲುವ ಕೂಲಿ, ಇಷ್ಟರಿಂದ ಆ ಎರಡರ ಭೇದವು ಸ್ಪಷ್ಟವಾಗುತ್ತದೆ.